ಆ ಹಂಗೇರಿ ಸಿ.ಡಿ. ನಮ್ಮನೇದೇ

ಹೈಮಾ,

ನಿನ್ನ ಮುಖ ನೋಡೋಕೆ ಧೈರ್ಯ ಸಾಲ್ದೆ ಬರೆದಿಟ್ಟು ಹೋಗ್ತಿದ್ದೀನಿ. ಹಾಲು ಕಾಯಿಸಿದ್ದೀನಿ. ಅಮ್ಮನಿಗೆ ಮಾತ್ರೆ ಕೊಡು.

ನಿನ್ನೆ ನಿನ್ನ ನೋಡೋಕೆ ಬಂದ ಶ್ರೀನಿವಾಸಪುರದವರು ಮೇಜಿನ ಮೇಲಿದ್ದ ನಿನ್ನ ಆ ಹಂಗೇರಿ ಸಂಗೀತದ ಸಿ.ಡಿ. ಎತ್ಕೊಂಡು, "ವಯಲಿನ್ನು, ವಯೋಲಾ... ಇದನ್ನೆಲ್ಲ ಯಾರು ಕೇಳೋದು?" ಅಂದಾಗ "ಪಕ್ಕದ್ಮನೆಯವರದ್ದು" ಅಂದ್ಬಿಟ್ಟೆ. ಅವರು ಬರೋ ಮೊದ್ಲು ವಯಲಿನ್‌ಗಿಂತ ಒಂಚೂರು ದೊಡ್ಡದಾಗಿರೋ ನಿನ್ನ ವಯೋಲಾನ ಮಂಚದ ಕೆಳಗೆ ತಳ್ಳಿದ್ದೂ ನಾನೇ. ನೀನು ಅದನ್ನ ಕೇಳಿಸ್ಕೊಂಡೇ ಎಲ್ರಿಗೂ ಕಾಫಿ ಕೊಟ್ಟೆ. ನಾಚಿಕೆ ಆಗ್ತಿದೆ ಕಣೇ.

ಬೆಳಿಗ್ಗೆ ನೀನು ಏಳೋ ಮೊದ್ಲೇ ಸಿ.ಡಿ. ಸಣ್ಣಗೆ ಹಾಕಿ ಕೇಳಿದೆ. ನನಗೇನೂ ಅರ್ಥ ಆಗ್ಲಿಲ್ಲ. ಆದ್ರೆ ಅದರಲ್ಲಿರೋ ಎರಡನೇ ಟ್ಯೂನು ನೀನು ದಿನಾ ಬಾಗಿಲು ಹಾಕ್ಕೊಂಡು ನುಡಿಸೋದೇ ಅಂತ ಗೊತ್ತಾಯ್ತು.

ಏಳೂವರೆ ಬಸ್ಸಿಗೆ ಅವರ ಮನೆಗೇ ಹೋಗ್ತಿದ್ದೀನಿ. "ಅದು ನನ್ನ ತಂಗೀದು, ಅವಳು ವಯೋಲಾ ನುಡಿಸ್ತಾಳೆ, ನಾನು ಸುಳ್ಳು ಹೇಳಿದ್ದೆ" ಅಂತೀನಿ. ಒಪ್ಪದಿದ್ರೆ ಬಿಡ್ಲಿ.

ಅಣ್ಣ
ಮುನಿಕೃಷ್ಣ