ಕೊಡುವವರು ಬಸ್ಸಿನಲ್ಲಿ ಬರುತ್ತಿದ್ದರು

ನಮ್ಮ ನಗರಸಭೆಯ ಸಮುದಾಯ ಸಾರಿಗೆ ವಿಭಾಗದ ಮುಖ್ಯಸ್ಥರಿಗೆ,
ಮೆಲ್ಬರ್ನ್

...ಅವರಲ್ಲಿ ಕೊಡುವವರಿದ್ದಾರಲ್ಲ ಎಂದೋ, ಅವರಿಗೆ ಕೊಡುವವರ ಕೊರತೆಯೇ ಎಂದೋ ಆ ದಿನ ಸಭೆಯಲ್ಲಿ ನೀವು ಅಂದಿರಿ. ಮಾತು ಸರಿಯಾಗಿ ನೆನಪಿಲ್ಲ, ಮಾನ್ಯರೇ. ಅದರ ಜೊತೆಗಿದ್ದ ನಗು ನೆನಪಿದೆ. ಆಮೇಲೆ ಬಂದ ನಿಮ್ಮ ಪತ್ರದಲ್ಲಿ ಅದೇ ಮಾತು ಕೋಟು ತೊಟ್ಟು ಬಂದಿತ್ತು: ಯಹೂದಿ ಸಮುದಾಯದಲ್ಲಿ ದಾನದ ಗಟ್ಟಿ ಪರಂಪರೆ ಇರುವುದರಿಂದ ಹಿರಿಯರನ್ನು ಊಟಕ್ಕೆ ಕರೆತರುವ ಬುಧವಾರದ ಬಸ್ಸನ್ನು ನಿಲ್ಲಿಸಲಾಗಿದೆ. ಆ ಬಸ್ಸನ್ನು ಮತ್ತೆ ಬಿಡಿ ಎಂದು ಕೇಳಲು ಈ ಪತ್ರ. ಕನ್ನಡದಲ್ಲಿ ಏಕೆಂದರೆ, ಇಂಗ್ಲಿಷಿನಲ್ಲಿ ಬರೆದವಕ್ಕೆ ನೀವು ಉತ್ತರಿಸಿಲ್ಲ. ಹೇಗೂ ಉತ್ತರ ಬಾರದ ಮೇಲೆ ನನ್ನ ಭಾಷೆಯಲ್ಲೇ ಬರೆಯಬಹುದಲ್ಲ. ಇದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯ ಓದುಗರಾದರೂ ಓದುತ್ತಾರೆ.

ನಾನು ಯಹೂದಿಯಲ್ಲ. ಉಡುಪಿ ಕಡೆಯವನು. ನಾರ್ತ್ ಸಿಡ್ನಿಯ ಕಚೇರಿಯೊಂದರಲ್ಲಿ ಬಹುಕಾಲ ಕಂಪ್ಯೂಟರ್ ಮುಂದೆ ಕೂತು, ಆ ಕೆಲಸ ಹೋದ ಮೇಲೆ ಮೆಲ್ಬರ್ನಿಗೆ ಬಂದು, ಯಹೂದಿ ಹಿರಿಯರಿಗೆ ಬುಧವಾರ ಮಧ್ಯಾಹ್ನ ಊಟ ಹಾಕುವ ಸಣ್ಣ ಸಂಸ್ಥೆಯೊಂದರ ಮ್ಯಾನೇಜರ್ ಆದೆ. ಅಡುಗೆಯವರು ಗ್ಲಾಡ್ವಿನ್, ಮಂಗಳೂರಿನ ಕ್ಯಾಥೊಲಿಕರು. ಉಣ್ಣುವವರು ಯುರೋಪಿನ ಯುದ್ಧದಲ್ಲಿ ಹೇಗೋ ಉಳಿದು ಬಂದವರು, ಈಗ ಹೆಚ್ಚಿನವರು ಒಂಟಿ. ವಾರದ ಉಳಿದ ದಿನಗಳಲ್ಲಿ ಅವರಲ್ಲಿ ಕೆಲವರು ಮಾತನಾಡುವುದು ಟೀವಿಯೊಂದಿಗೆ.

ದಾನಿಗಳಿಲ್ಲವೆಂದು ನಾನು ವಾದಿಸುತ್ತಿಲ್ಲ. ನಮ್ಮ ಹಾಲ್, ಒಲೆ, ಫ್ರಿಜ್, ಆಹಾರ ನಿಯಮಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರ ಸಂಬಳ, ಎಲ್ಲವೂ ದಾನ. ಎಲ್ಲದರ ಮೇಲೂ ಹಿತ್ತಾಳೆಯ ಫಲಕ. ನಮ್ಮೂರಿನ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸಿ, ಅರ್ಧ ಬೆಳಕನ್ನು ಹೆಸರೇ ನುಂಗುವುದನ್ನು ಕಂಡಿದ್ದ ನನಗೆ ಮೊದಲು ನಗು ಬಂತು. ಆಮೇಲೆ ಫಲಕಗಳನ್ನು ಓದಿದೆ. ಅವು ಕೊಟ್ಟವರ ಹೆಸರುಗಳಲ್ಲ. ದೊಡ್ಡ ಫ್ರಿಜ್ಜಿನ ಮೇಲಿರುವುದು ರೇಜಾ ಎಂಬ ಹುಡುಗಿಯ ಹೆಸರು. ಯುದ್ಧದ ಕಾಲದಲ್ಲಿ ನಾಜಿಗಳು ಪೋಲೆಂಡಿನಲ್ಲಿ ಕೊಂದರಂತೆ. ಅವಳಿಗೆ ಬೇರೆಲ್ಲೂ ಗೋರಿ ಇಲ್ಲ. ಕೊಟ್ಟವರು ಸಿಡ್ನಿಯಲ್ಲಿರುವ ಅವಳ ತಮ್ಮ, ಹೆನ್ರಿಕ್ ಎಂಬ ವೃದ್ಧರು. ನಿಮ್ಮ ಪತ್ರದಲ್ಲಿ ಇದಕ್ಕೆ ಗಟ್ಟಿ ಪರಂಪರೆ ಎಂದು ಹೆಸರು.

ದಾನಿಗಳನ್ನೇ ಕೇಳಿ ಎಂಬ ನಿಮ್ಮ ಸಲಹೆಯಂತೆ ನಾನು ಸಿಡ್ನಿಗೆ ಹೋಗಿ ಬಾಂಡೈಯಲ್ಲಿರುವ ಹೆನ್ರಿಕ್ ಅವರ ಮನೆಯಲ್ಲಿ ಕೂತು ಬಸ್ಸಿನ ವಿಷಯ ಕೇಳಿದೆ. ಅವರು ಚಹಾ ಕೊಟ್ಟರು.

"ಬಸ್ ಕೌನ್ಸಿಲ್‌ನದ್ದಲ್ವಾ?"

"ಕೌನ್ಸಿಲ್‌ನವರು ನಿಮ್ಮ ಕಡೆ ಕೈ ತೋರಿಸ್ತಿದ್ದಾರೆ. ಬಸ್ಸಿನ ಮೇಲೂ ಅಕ್ಕನ ಹೆಸರು ಹಾಕಿಸಬಹುದು."

ಹೆನ್ರಿಕ್ ನನ್ನ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು. "ಅವಳನ್ನ ಕರ್ಕೊಂಡು ಹೋಗಿದ್ದು ಲಾರೀಲಿ. ಗಾಡಿ ಮೇಲೆ ಅವಳ ಹೆಸರು ಬೇಡ."

ಹೆಸರಿಲ್ಲದೆಯೂ ಕೊಡಬಹುದಲ್ಲ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಿಮಗೆ ಬರುತ್ತಿತ್ತೇ? ದಾನವೆಂದರೆ ತಿರುಗಿಸಿದರೆ ನೀರು ಬರುವ ನಲ್ಲಿ ಎಂದು ನೀವು ತಿಳಿದಂತಿದೆ. ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ಅವನಿಗೆ ಕೊಡಲಾಗುವಂಥದ್ದು ಇರುತ್ತದೆ, ಕೊಡಲಾಗದ್ದೂ ಇರುತ್ತದೆ.

ಈಗ ಇನ್ನೊಬ್ಬ ದಾನಿಯ ವಿಷಯ. ನಮ್ಮ ಅಡುಗೆಮನೆಗೆ ಒಂದು ನಿಯಮವಿದೆ: ಅಡುಗೆ ಯಾರೇ ಮಾಡಲಿ, ಒಲೆಯನ್ನು ಯಹೂದಿಯೊಬ್ಬರು ಹಚ್ಚಬೇಕು. ಮಡಿಯ ಮನೆಗಳಲ್ಲಿ ಬೆಳೆದ ನನ್ನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲ್ವಿಚಾರಕರು ಹಲವು ಅಡುಗೆಮನೆಗಳನ್ನು ಸುತ್ತಿ ನಮ್ಮಲ್ಲಿಗೆ ಬರುವಾಗ ಮಧ್ಯಾಹ್ನ. ಆದ್ದರಿಂದ ಒಲೆ ಹಚ್ಚುತ್ತಿದ್ದವರು ಇಲೋನಾ. ಹಂಗೇರಿಯವರು, ಸೊಂಟ ಮುರಿದು ಕೂಡಿಸಿಕೊಂಡವರು. ಬಸ್ಸಿನ ಮೊದಲ ಸುತ್ತಿನಲ್ಲಿ ಅವರು ಬರುತ್ತಿದ್ದರು, ಎರಡನೆಯ ಸುತ್ತಿನಲ್ಲಿ ಉಣ್ಣುವವರು.

"ಏನು ಗ್ಲಾಡ್ವಿನ್, ಈ ವಾರಾನೂ ಬೆಂಕಿ ಕಂಡುಹಿಡೀಲಿಲ್ವಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದರು.

"ನೀವು ಬರದೆ ಹೇಗೆ ಆಂಟಿ? ನಾವಿಲ್ಲಿ ಗುಹೆಯಲ್ಲಿ ಕೂತಿದ್ದೇವೆ."

ಕಡ್ಡಿ ಗೀರಿ, ಒಲೆ ಹಚ್ಚಿ, ಕೋಟು ಬಿಚ್ಚದೆ ಹಾಲ್‌ನಲ್ಲಿ ಹೋಗಿ ಕೂರುತ್ತಿದ್ದರು. ಅವರ ಹತ್ತಿರ ಕೊಡಲು ಇದ್ದದ್ದು ಇಷ್ಟು. ಇದಕ್ಕೆ ಫಲಕವಿಲ್ಲ, ಹಾಗಾಗಿ ನಿಮ್ಮ ಲೆಕ್ಕಕ್ಕೂ ಸಿಕ್ಕಿಲ್ಲ. ಆ ಸಮುದಾಯದಲ್ಲಿ ಕೊಡುವವರಿದ್ದಾರೆ ಎಂದಿರಿ. ನಿಜ. ಕೊಡುವವರು ನಿಮ್ಮ ಬಸ್ಸಿನಲ್ಲಿ ಬರುತ್ತಿದ್ದರು.

ಬಸ್ಸು ನಿಂತ ಮೊದಲ ಬುಧವಾರ ಟ್ಯಾಕ್ಸಿಯಲ್ಲಿ, ಮಕ್ಕಳ ಕಾರಿನಲ್ಲಿ ಕೆಲವರು ಬಂದರು. ಇಲೋನಾ ಬರಲಿಲ್ಲ. ಹಸಿದವರನ್ನು ನೋಡಲಾರದೆ ಗ್ಲಾಡ್ವಿನ್ ತಾವೇ ಒಲೆ ಹಚ್ಚಿದರು. ಮೇಲ್ವಿಚಾರಕರು ಬಂದು, ಬೈಯದೆ, ತುಂಬ ಮರ್ಯಾದೆಯಿಂದ ಸೂಪಿನ ಪಾತ್ರೆಯನ್ನು ಪಕ್ಕಕ್ಕೆ ಇಡಿಸಿದರು. ಹಿರಿಯರು ಬ್ರೆಡ್ಡು, ಉಪ್ಪಿನ ಸೌತೆಕಾಯಿ ತಿಂದು ಹೋದರು. ಸೂಪು ಟ್ರುಗನಿನಾಕ್ಕೆ, ಗ್ಲಾಡ್ವಿನ್ ಮನೆಗೆ ಹೋಯಿತು. "ಎಂತ ಮಾರಾಯ್ರೆ, ಅಷ್ಟು ದೊಡ್ಡ ಕಾನೂನಿನ ಸೂಪಿಗೆ ಉಪ್ಪೇ ಇಲ್ಲ!" ಎಂದರಂತೆ ಅವರ ಹೆಂಡತಿ ಆನ್ಸಿಲ್ಲಾ.

ಮುಂದಿನ ವಾರ ನಾನೇ ಕಾರಿನಲ್ಲಿ ಇಲೋನಾರನ್ನು ಕರೆತಂದೆ. ಅವರು ಒಲೆ ಹಚ್ಚಿದರು. ಸೂಪು ನಿಯಮದಂತೆ ಕುದಿಯಿತು. ಟ್ಯಾಕ್ಸಿಯ ಖರ್ಚು ಎರಡನೆಯ ಸಲ ಯಾರಿಂದಲೂ ಸಾಧ್ಯವಾಗಿರಲಿಲ್ಲ, ಮಕ್ಕಳಿಗೆ ಆಫೀಸು. ಅಷ್ಟು ದೊಡ್ಡ ಹಾಲ್‌ನಲ್ಲಿ ಇಲೋನಾ ಒಬ್ಬರೇ ಕೂತರು. ಗ್ಲಾಡ್ವಿನ್ ಮತ್ತು ನಾನು ಎದುರು ಕೂತು ಸಂಖ್ಯೆ ಹೆಚ್ಚಿಸಲು ನೋಡಿದೆವು.

ಅವರು ಚಮಚ ಕೆಳಗಿಟ್ಟರು. "ಒಬ್ಬಳಿಗೋಸ್ಕರ ಬಡಿಸಿದ್ರೆ ಅದು ಬುಧವಾರ ಅಲ್ಲ ಕರುಣಾ, ಆಸ್ಪತ್ರೆ. ಮುಂದಿನ ವಾರ ಬರಬೇಡ."

ಅಂದಿನಿಂದ ಒಲೆ ಹತ್ತಿಲ್ಲ. ರೇಜಾಳ ಫ್ರಿಜ್ಜು ಖಾಲಿ ಗಾಳಿಯನ್ನು ತಣ್ಣಗೆ ಇಟ್ಟುಕೊಂಡು ನಿಂತಿದೆ. ದಾನಿಗಳ ಸಮಿತಿ ಹೊಸ ಕಟ್ಟಡದ ಬಗ್ಗೆ ಉತ್ಸಾಹದಿಂದ ಚರ್ಚಿಸುತ್ತಿದೆ. ಬಸ್ಸು ನಗರಸಭೆಯ ಜವಾಬ್ದಾರಿ ಎನ್ನುತ್ತಿದೆ. ನೀವು ಸಮಿತಿಯ ಜವಾಬ್ದಾರಿ ಎನ್ನುತ್ತೀರಿ. ಇಬ್ಬರೂ ಸಭ್ಯರು, ಇಬ್ಬರ ಮಾತೂ ತರ್ಕಬದ್ಧ. ಒಂದು ಸಮುದಾಯ ತನ್ನವರನ್ನು ತಾನೇ ನೋಡಿಕೊಳ್ಳುತ್ತದೆ ಎಂಬುದು ಅದರಿಂದ ಕಿತ್ತುಕೊಳ್ಳಲು ಕಾರಣವಾಗುವುದಾದರೆ, ಯಾರನ್ನೂ ನೋಡಿಕೊಳ್ಳದವರಿಗೆ ನಿಮ್ಮಲ್ಲಿ ಬಹುಮಾನವಿದೆಯೇ? ಇದ್ದರೆ ತಿಳಿಸಿ. ಇಲ್ಲದಿದ್ದರೆ ಬರುವ ಬುಧವಾರದಿಂದ ಬಸ್ಸು ಬಿಡಿ, ಎರಡೂ ಸುತ್ತು. ನನ್ನ ಬೇಡಿಕೆ ಇಷ್ಟೇ.

ಇಲೋನಾರ ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಕಿಟಕಿಯಲ್ಲಿ ದೀಪ ಕಂಡಿತೆಂದು ಗ್ಲಾಡ್ವಿನ್ ಹೇಳುತ್ತಾರೆ. ಎತ್ತಿದರೆ ಕೇಳಬೇಕೆಂದಿರುವ ಮಾತು ನಮ್ಮೂರಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವಂಥದ್ದೇ.

ಇಲೋನಾ ಆಂಟಿ, ಊಟ ಆಯ್ತಾ? ಯಾರ ಜೊತೆ?

ಇಂತಿ,
ಒಲೆ ಹಚ್ಚುವ ಅಧಿಕಾರವಿಲ್ಲದ ಮ್ಯಾನೇಜರ್
ಕರುಣಾಕರ
ಕ್ಲೈಡ್ ನಾರ್ತ್