ಬೆನ್ನುನೋವಿನ ನಾಟಕ

ಜೂನ್ 3, ಬೆಳಿಗ್ಗೆ

ಹಾಲು ಕಾಯಿಸಿದ್ದು ನಾನು. ಮಗುವಿನ ಬಟ್ಟೆ ಒಗೆದು ಹಾಕಿದ್ದೂ ನಾನು. ಮಗ ಡ್ಯೂಟಿಗೆ ಹೋದ. ಸೊಸೆಗೆ ಇವತ್ತೂ ಬೆನ್ನುನೋವು! ಹೆರಿಗೆಯಾಗಿ ಎರಡು ತಿಂಗಳಾಗುತ್ತ ಬಂತು, ಇನ್ನೂ ಗೋಡೆ ಹಿಡಿದು ನಡೆಯುತ್ತಾಳೆ. ತೊಟ್ಟಿಲಿಂದ ಮಗುವನ್ನು ಎತ್ತಿಕೊಡಲು ನಾನೇ ಬೇಕು. ‘ಹೆರಿಗೆ ಆದ್ಮೇಲೆ ಇದೆಲ್ಲ ಇದ್ದದ್ದೇ’ ಅಂದಿದ್ದಾರೆ ಡಾಕ್ಟರಮ್ಮ. ಮತ್ತೆ ಇವಳದ್ದೇನು ವಿಶೇಷ?

ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು ನಾನು. ಆಟದ ಪೀರಿಯಡ್ಡಿಗೆ ಕುಂಟಿ, ಬೆಲ್ ಹೊಡೆದ ಕೂಡಲೇ ಓಡುವ ಹುಡುಗಿಯರನ್ನು ಎಷ್ಟು ನೋಡಿಲ್ಲ! ನನ್ನ ಕಿವಿಗೆ ಹೂವಿಡುವುದು ಅಷ್ಟು ಸುಲಭವಲ್ಲ.

ಜೂನ್ 5

ಕಣ್ಣಿಟ್ಟಿದ್ದೇನೆ. ಫೋನಿನಲ್ಲಿ ಅವರಮ್ಮನ ಜೊತೆ ನಗುತ್ತಿದ್ದಳು. ನಾನು ಒಳಗೆ ಕಾಲಿಟ್ಟೆ — ಮುಖ ಹಿಂಡಿದಳು. ಹಾಂ!

ಮಗನಿಗೆ ಹೇಳಿದೆ. “ಅಮ್ಮಾ, ನೋವು ಅಂತಿದಾಳೆ ಅಂದ್ರೆ ಇರುತ್ತೆ ಬಿಡು” ಅಂದ. ಇವನ ಕಣ್ಣಿಗೆ ಮಣ್ಣೆರಚಲು ಎಷ್ಟು ಹೊತ್ತು!

ಜೂನ್ 6

ನನ್ನದೇ ಔಷಧಿ ಶುರುಮಾಡಿದೆ. ಮಗ ಹೊರಟ ಮೇಲೆ ಸೊಸೆಯನ್ನು ಹಾಲ್‌ನಲ್ಲಿ ನಿಲ್ಲಿಸಿದೆ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು.

“ಅತ್ತೆ, ಆಗ್ತಿಲ್ಲ.”

“ಆಗುತ್ತೆ. ಒನ್... ಟೂ...”

ಕಣ್ಣಲ್ಲಿ ನೀರು. ಶಾಲೆಯಲ್ಲೂ ಅಳುತ್ತಿದ್ದರು. ಆಮೇಲೆ ಅವರೇ ಮೆಡಲ್ ತಂದರು.

ಜೂನ್ 9

ಮೊದಲಿನಷ್ಟೂ ಬಗ್ಗುತ್ತಿಲ್ಲ. ಬೇಕಂತಲೇ. ಹಟದಲ್ಲಿ ನಾನೇನು ಕಡಿಮೆಯೇ?

ಜೂನ್ 14, ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯಲು ಹೋದಳು. ಮದುವೆಯಾಗಿ ಬಂದಾಗ ನನಗೆ ಎಟುಕದ್ದನ್ನೆಲ್ಲ ಇಳಿಸಿಕೊಡುತ್ತಿದ್ದವಳು. ಇವತ್ತು ಅವಳಿಗೂ ಎಟುಕಲಿಲ್ಲ. ನೈಟಿಯ ಅಂಚು ನೆಲ ಗುಡಿಸುತ್ತಿತ್ತು. ಗೂನು ಬೆನ್ನು ಮಾಡಿಕೊಂಡು ಹೊಸ ನಾಟಕ ಅಂದುಕೊಂಡೆ. ಹಿಡಿದೇಬಿಡೋಣ ಎಂದು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಹಿಮ್ಮಡಿ ಗೋಡೆಗೆ, ಗದ್ದ ನೇರ. ತಲೆ ಮೇಲೆ ಸ್ಕೇಲು. ಟೇಪು ಹಿಡಿದೆ.

ಬಸುರಿಯಾಗಿದ್ದಾಗ ಆಸ್ಪತ್ರೆಯ ಕಾರ್ಡಿನಲ್ಲಿ ಬರೆದ ಎತ್ತರಕ್ಕಿಂತ ಎರಡು ಇಂಚು ಕಡಿಮೆ. ಮತ್ತೆ ಅಳೆದೆ. ಅಷ್ಟೇ.

ಕುಂಟುವ ನಾಟಕ ಆಡಬಹುದು. ಗಿಡ್ಡವಾಗುವ ನಾಟಕ ಹೇಗೆ ಆಡುತ್ತಾರೆ?

ಮಗನಿಗೆ ಫೋನ್ ಮಾಡಿ ತಕ್ಷಣ ಬಾ ಅಂದೆ.

ಜೂನ್ 17, ಸಂಜೆ

ದೊಡ್ಡ ಆಸ್ಪತ್ರೆ. ಮೂಳೆ ಡಾಕ್ಟರು ಸ್ಕ್ಯಾನ್ ತೋರಿಸಿದರು. ಬೆನ್ನುಮೂಳೆ ಮೂರು ಕಡೆ ಕುಸಿದಿದೆ.

“ಬಾಣಂತಿಯರಿಗೆ ತುಂಬಾ ಅಪರೂಪಕ್ಕೆ ಹೀಗಾಗುತ್ತಮ್ಮ. ಮೂಳೆ ಟೊಳ್ಳಾಗಿಬಿಡುತ್ತೆ. ಎದೆಹಾಲು ನಿಲ್ಲಿಸ್ಬೇಕು. ಭಾರ ಎತ್ತಬಾರ್ದು. ಮುಂದಕ್ಕಂತೂ ಬಗ್ಗಲೇಬಾರ್ದು.” ಆಮೇಲೆ ಬೆರಳಿಟ್ಟು ತೋರಿಸಿದರು. “ಇವೆರಡು ಹಳೇವು. ಇದು ಈಚೆಗಿಂದು. ಯಾರಾದ್ರೂ ಎಕ್ಸರ್‌ಸೈಜ್ ಗಿಕ್ಸರ್‌ಸೈಜ್ ಮಾಡ್ಸಿದ್ರಾ?”

ಮಗನಿಗೆ ಏನೂ ಗೊತ್ತಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತಿದ್ದ.

“ಇಲ್ಲ ಡಾಕ್ಟ್ರೇ,” ಅಂದಳು ಸೊಸೆ. “ಮಗು ಎತ್ಕೊಳ್ಳೋಕೆ ನಾನೇ ಬಗ್ಗಿದ್ದೆ.”

ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಜೂನ್ 18

ಯಾಕೆ ಹಾಗಂದಳು? ನನ್ನನ್ನು ಉಳಿಸಿದಳೋ, ಜುಟ್ಟು ಹಿಡಿದುಕೊಂಡಳೋ? ನಾಳೆ ಮಾತಿಗೆ ಮಾತು ಬೆಳೆದಾಗ ಹೊರಗೆ ತೆಗೆಯುತ್ತಾಳೋ? ತಲೆ ಕೆಟ್ಟುಹೋಗಿದೆ. ನಾಚಿಕೆಯಾಗುತ್ತಿದೆ. ಅದರ ಮೇಲೆ ಈ ಅನುಮಾನ ಬೇರೆ.

ಜೂನ್ 20, ಸಂಜೆ

ಬಾಟಲಿ ಹಾಲು ಕುಡಿಸುತ್ತಿದ್ದೆ. ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಮಲಗಿದ್ದಳು. ತಡೆಯಲಾಗದೆ ಕೇಳಿಬಿಟ್ಟೆ. “ಡಾಕ್ಟರ ಹತ್ರ ಯಾಕೆ ಸುಳ್ಳು ಹೇಳಿದೆ?”

ಬೆಲ್ಟಿನ ಪಟ್ಟಿ ಸರಿಮಾಡಿಕೊಂಡಳು.

“ನಿಜ ಗೊತ್ತಾದ್ರೆ ಇವರು ನಿಮ್ಮ ಕೈಗೆ ಮಗು ಕೊಡ್ತಿರ್ಲಿಲ್ಲ ಅತ್ತೆ. ನನಗೆ ಎತ್ತೋಕಾಗಲ್ಲ. ಇನ್ಯಾರು ಎತ್ಕೊಳ್ತಾರೆ?”

ಕ್ಷಮಿಸಿದ್ದೇನೆ ಅನ್ನಲಿಲ್ಲ. ಕ್ಷಮಿಸಿಲ್ಲ ಅಂತಲೂ ಅನ್ನಲಿಲ್ಲ. ಗೋಡೆ ಕಡೆ ಮುಖ ಮಾಡಿದಳು. ನನಗೆ ಅಳು ಬಂತು.

ಮಗ ಈಗ ಬಂದ. ಚಪ್ಪಲಿ ಬಿಡುವ ಸದ್ದು. ಹೇಳಿಬಿಡಬೇಕು. ಹೇಳಿದರೆ ಮಗು ಯಾರ ಕೈಗೆ?... ಹೇಳದಿದ್ದರೆ...

ಮಗು ಎದ್ದಿತು, ಅಳುತ್ತಿದೆ. ಮಂಚ ಕಿರುಗುಟ್ಟಿತು. ಇವಳು ಏಳುತ್ತಿದ್ದಾಳೆ. ಬೇಡ, ಬಗ್ಗಬೇಡ, ನಾನು —