ಕೂಗಿ ಗುಡ್ಡ ಹತ್ತಬೇಕು

ರಾಣೆಬೆನ್ನೂರು
೧೯-೨-೧೯೮೯

ಪ್ರೀತಿಯ ಜಯಕ್ಕನಿಗೆ,

ಸೋಮುವಿನ ನಮಸ್ಕಾರಗಳು. ನಿನ್ನ ಎರಡು ಕಾರ್ಡುಗಳಿಗೂ ಉತ್ತರ ಬರೆಯದೆ ತಿಂಗಳಾಯಿತು, ಬೈದುಬಿಡು. ಬ್ಯಾಡಗಿಯಲ್ಲಿ ಈಗ ಮೆಣಸಿನಕಾಯಿ ಸುಗ್ಗಿ. ಮಾವ ಪೇಟೆಯಿಂದ ಬಂದರೆ ಮನೆಯವರೆಲ್ಲ ಸೀನುತ್ತಿರಬೇಕು. ಓಣಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೇನೆ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ಕರಡಿಯ ಸುದ್ದಿಯನ್ನು ಅವ್ವ ಬಣ್ಣ ಹಚ್ಚಿ ತಿಳಿಸುವ ಮೊದಲು ನಾನೇ ಬರೆಯುತ್ತಿದ್ದೇನೆ.

ಅರಣ್ಯ ಇಲಾಖೆಯವರಿಗೆ ಪ್ರಾಣಿಗಳ ಎಣಿಕೆಗೆ ಹತ್ತು ದಿನ ಬರೆದುಕೊಳ್ಳುವವರು ಬೇಕಾಗಿದ್ದರು. ಎಂ.ಎ. ಮುಗಿಸಿ ಕುಳಿತವನಿಗೆ ಅದೇ ನೌಕರಿ. ದಾರಿ ತೋರಿಸಲು ಕುರಿ ಕಾಯುವ ಅಜ್ಜಪ್ಪ; ಕಿವಿ ಮಂದ, ಬಾಯಿ ಜೋರು. ಗುಡ್ಡದ ಬುಡದಲ್ಲಿ ನಿಂತು, "ಯವ್ವಾ, ಅಜ್ಜಪ್ಪ ಬರಾಕತ್ತೇನಿ, ಯಾರದೀರಿ ಒಳಗ?" ಎಂದು ಕೂಗಿದ. ನಾನು ನಕ್ಕೆ.

"ನಗಬ್ಯಾಡ್ರಿ ಸಾಹೇಬ್ರ. ಮಂದಿ ಮನಿಗೆ ಹೋದ್ರ ಬಾಗಲದಾಗ ನಿಂತು ಕರೀತೀರಿಲ್ಲ? ಕರಡಿ ಮನಿಗೆ ಹೇಳದ ನುಗ್ಗಿದ್ರ ಅದೂ ಹೇಳದ ಬಡೀತೈತಿ."

ದಾರಿಯುದ್ದಕ್ಕೂ ಮಾತಾಡಬೇಕು, ಕೋಲಿನಿಂದ ಕಲ್ಲಿಗೆ ಬಡಿಯಬೇಕು, ಕಂಡರೆ ಓಡಬಾರದು. "ನೀವೂ ಏನರ ಒದರ್ರಿ. ಕಲ್ತದ್ದೆಲ್ಲಾ ಹೊಟ್ಟ್ಯಾಗ ಇಟ್ಕೊಂಡ್ರ ಕೊಳೀತೈತಿ!" ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಗಿಡಗಳೆದುರೂ ನಾಚಿಕೆ.

ಮೂರನೆಯ ದಿನ ಅವನ ಗಂಟಲು ಕಟ್ಟಿತು. "ಇವತ್ತ ಒದರೂ ಪಾಳಿ ನಿಮ್ದು" ಎಂದ. ತಲೆಯಾಡಿಸಿದೆ, ಆದರೆ ಕೂಗಲಿಲ್ಲ. ಅವನ ಕಿವಿಗೆ ಅದು ತಿಳಿಯಲೂ ಇಲ್ಲ. ನನ್ನನ್ನು ನಂಬಿ ಮುಂದೆ ನಡೆದ.

ಅರ್ಧ ಗುಡ್ಡದಲ್ಲಿ ಅವನು ಕುಕ್ಕರಗಾಲಲ್ಲಿ ಕುಳಿತು ಕಾಲಿನ ಮುಳ್ಳು ಕೀಳುತ್ತಿದ್ದ. ಪಕ್ಕದ ಪೊದೆಯ ಆಚೆಗೆ, ಹುತ್ತದಲ್ಲಿ ಮೂತಿ ಹುದುಗಿಸಿದ ಕರಡಿ, ಬೆನ್ನ ಮೇಲೆ ಮರಿ. ಅದಕ್ಕೆ ಅವನು ಕಂಡಿರಲಿಲ್ಲ, ಅವನಿಗೆ ಅದು ಕಂಡಿರಲಿಲ್ಲ. ಇಬ್ಬರನ್ನೂ ಕಂಡವನು ನಾನೊಬ್ಬನೇ. ಅವನು ಎದ್ದು ನಿಂತರೆ ಮುಗಿಯಿತು.

ಎಲ್ಲಿಂದ ಬಂತೋ ಧ್ವನಿ. "ಯವ್ವಾ, ಸೋಮು ಬಂದೇನಿ! ಇಲ್ಲೇ ಅದೇವಿ, ನಿನ್ನ ದಾರಿ ನೀ ಹಿಡಿ!" ಕರಡಿ ನನ್ನತ್ತ ತಿರುಗಿ ನೆಟ್ಟಗೆ ನಿಂತಿತು, ಗಾಳಿ ಮೂಸಿತು, ಮರಿಯೊಡನೆ ಹಳ್ಳಕ್ಕೆ ಇಳಿದುಹೋಯಿತು.

ಅಜ್ಜಪ್ಪ ಬೆವರೊರೆಸಿಕೊಂಡ. "ಬುಡದಿಂದ ಒದರಿದ್ರ ಇದು ಇಲ್ಲೀತನ ಯಾಕ ಕುಂತಿತ್ತು?"

"ಒದರಿದ್ದಿಲ್ಲ, ಅಜ್ಜಾ," ಎಂದೆ ಅವನ ಕಿವಿಯ ಹತ್ತಿರ ಬಾಗಿ.

ಬೈಯುತ್ತಾನೆಂದುಕೊಂಡೆ. ಗೊಗ್ಗರು ಗಂಟಲಲ್ಲೇ ನಕ್ಕುಬಿಟ್ಟ. "ನನ್ನ ಕಿವಿಗೂ ಕೇಳಿಸ್ತಲ್ಲೋ ಮಗನ! ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ದಿ?" ಇಳಿಯುವಾಗ ನಾನು ಬಾಯಿ ಮುಚ್ಚಲೇ ಇಲ್ಲ. ರೋಡಿಗೆ ಬಂದಮೇಲೆ "ಸಾಕ್ರೀ ಸಾಹೇಬ್ರ, ಇಲ್ಲಿ ಬಸ್ಸಷ್ಟ ಬರ್ತಾವು" ಎಂದು ಅವನೇ ಕೈ ಮುಗಿದ.

ಚಿಂತೆ ಬಿಡು. ಮಾವನಿಗೆ ನಮಸ್ಕಾರ, ಪುಟ್ಟ ಭರಮವ್ವನಿಗೆ ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಮ್ಮ,
ಸೋಮು

ತಾ.ಕ.: ಮಾವನ ಮನೆಯವರು ನಿನ್ನನ್ನು ನೋಡಲು ಬಂದ ದಿನ, "ಹುಡುಗಿಗೆ ಒಪ್ಪಿಗಿ ಐತಿಲ್ಲೋ?" ಎಂದು ಹಿರಿಯರು ಕೇಳಿದಾಗ ನೀನು ನನ್ನನ್ನೇ ನೋಡಿದೆ. ಶಿಕ್ಷಕಿಯರ ತರಬೇತಿಯ ಅರ್ಜಿ ತುಂಬಿ ನೀನು ನನ್ನ ಪುಸ್ತಕದಲ್ಲಿ ಬಚ್ಚಿಟ್ಟದ್ದು ನನಗೊಬ್ಬನಿಗೇ ಗೊತ್ತಿತ್ತು. ಮಾವ ಒಳ್ಳೆಯವರು, ಅದು ಬೇರೆ ಮಾತು. ನಾನು ಕೂಗಲಿಲ್ಲ ಅಕ್ಕ. ಅರ್ಜಿ ಇನ್ನೂ ಆ ಪುಸ್ತಕದಲ್ಲೇ ಇದೆ.